ಪ್ರಾರ್ಥನೆಯ ಗಂಟೆ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದುಹೋಗುವವರಿಗೆ ಪ್ರಾಥಮಿಕ ಶಾಲೆಯ ಗಂಟೆಯ ದನಿ ಪರಿಚಿತವಾದುದು. ಮೊದಲ ಗಂಟೆಗೆ ಅಂಗಳದ ಗದ್ದಲ ಅಡಗುತ್ತದೆ. ಎರಡನೆಯದಕ್ಕೆ ಗಿಡ್ಡವರು ಮುಂದೆ, ಎತ್ತರದವರು ಹಿಂದೆ ಎಂಬ ಕ್ರಮದಲ್ಲಿ ಸಾಲುಗಳು ಏರ್ಪಡುತ್ತವೆ. ಆಮೇಲೆ ಪ್ರಾರ್ಥನೆ. ಇದು ಪಾಠದ ಅವಧಿಯಲ್ಲವೆಂದು ಅನೇಕರ ಎಣಿಕೆ. ಆದರೆ ಇಡೀ ಶಾಲೆ ಒಂದಾಗಿ ಕಾಣಿಸಿಕೊಳ್ಳುವುದು ದಿನದಲ್ಲಿ ಆ ಹೊತ್ತು ಮಾತ್ರ. ಒಂದನೆಯ ತರಗತಿಯ ಮಗು ಏಳನೆಯ ತರಗತಿಯವರನ್ನು ಕತ್ತೆತ್ತಿ ನೋಡಿ, ತಾನೂ ಒಂದು ದಿನ ಅಲ್ಲಿ ನಿಲ್ಲುವೆನೆಂದು ಅರಿಯುವುದು ಆಗಲೇ.

ಅಂಗಳದಲ್ಲಿ ಏನನ್ನು ಹಾಡಬೇಕು, ಏನನ್ನು ಹೇಳಬೇಕು ಎಂಬುದರಲ್ಲಿ ನಾಡಿನ ಚರಿತ್ರೆಯೇ ಅಡಗಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಬಸವಪ್ಪ ಶಾಸ್ತ್ರಿಗಳು ರಚಿಸಿದ ಸಂಸ್ಥಾನಗೀತೆಯನ್ನು ಹಾಡುತ್ತಿದ್ದರು. ೧೯೫೦ರ ಜನವರಿ ೨೪ರಂದು ‘ಜನಗಣಮನ’ವು ರಾಷ್ಟ್ರಗೀತೆಯಾಯಿತು. ರಾಷ್ಟ್ರೀಯ ಪ್ರತಿಜ್ಞೆಯ ಕಥೆಯಲ್ಲಿ ನಮ್ಮ ಊರಿಗೂ ಪಾಲುಂಟು. ಅದನ್ನು ೧೯೬೨ರಲ್ಲಿ ತೆಲುಗಿನಲ್ಲಿ ಬರೆದವರು ಪೈಡಿಮರ್ರಿ ವೆಂಕಟ ಸುಬ್ಬರಾವ್. ಶಾಲೆಗಳಲ್ಲಿ ಪ್ರತಿಜ್ಞೆಯನ್ನು ಹೇಳಿಸಬೇಕೆಂಬ ಸಲಹೆ ಬಂದುದು ೧೯೬೪ರ ಅಕ್ಟೋಬರಿನಲ್ಲಿ, ಬೆಂಗಳೂರಿನಲ್ಲಿಯೇ ಸೇರಿದ್ದ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯ ಸಭೆಯಲ್ಲಿ; ೧೯೬೫ರ ಜನವರಿ ೨೬ರಿಂದ ಅದು ಜಾರಿಗೆ ಬಂದಿತು. ಕುವೆಂಪು ಅವರ ಗೀತೆಯನ್ನು ನಾಡಗೀತೆಯೆಂದು ಸರ್ಕಾರ ಅಂಗೀಕರಿಸಿದುದು ೨೦೦೪ರಲ್ಲಿ. ಸಂವಿಧಾನದ ಪೀಠಿಕೆಯ ವಾಚನ ಕಡ್ಡಾಯವಾದುದು ೨೦೨೩ರಲ್ಲಿ.

ಈ ಪೇಟೆಗಳಲ್ಲಿ ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳು ಹೇರಳ. ಅವರಲ್ಲಿ ಎಷ್ಟೋ ಮಂದಿಯ ಬಾಯಿಗೆ ದೀರ್ಘವಾದ ಕನ್ನಡ ವಾಕ್ಯ ಮೊದಲು ಬರುವುದು ಪುಸ್ತಕದಿಂದಲ್ಲ. ಸಾಲಿನಲ್ಲಿ ನಿಂತು ಪಕ್ಕದವರೊಡನೆ ದನಿಗೂಡಿಸುವುದರಿಂದ. ವಾರ್ತೆ ಓದುವ ಸರದಿಯೂ ಅಂಥದೇ. ಐದನೆಯ ತರಗತಿಯ ಹುಡುಗಿಯೊಬ್ಬಳು ಪತ್ರಿಕೆಯಿಂದ ಬರೆದುಕೊಂಡ ನಾಲ್ಕು ಸಾಲುಗಳನ್ನು ಹಿಡಿದು ನಿಂತು, ಎರಡನೆಯ ಸಾಲಿಗೇ ಗಂಟಲು ಕಟ್ಟಿ ಅತ್ತುದನ್ನು ಕಂಡಿದ್ದೇನೆ. ಮುಂದಿನ ವಾರ ಅವಳೇ ಕೇಳಿ ಸರದಿ ಪಡೆದಳು. ಆ ದಿನ ಅವಳ ದನಿ ಹಿಂದಿನ ಸಾಲಿನವರೆಗೂ ಮುಟ್ಟಿತು.

ಇದೇ ಅಂಗಳ ಮಗುವನ್ನು ಕುಗ್ಗಿಸಲೂ ಬಲ್ಲದು. ತಡವಾಗಿ ಬಂದವರನ್ನು, ಶುಲ್ಕ ತರದವರನ್ನು ಎಲ್ಲರೆದುರು ನಿಲ್ಲಿಸಿ ಗದರುವುದನ್ನು ನಾನು ಎಂದೂ ಒಪ್ಪಲಾರೆ. ತಡವಾದುದಕ್ಕೆ ಕಾರಣ ನೀರಿನ ಸಾಲೋ, ತಾಯಿಯ ಕಾಯಿಲೆಯೋ ಆಗಿರಬಹುದು. ಅದನ್ನು ಹೇಳುವ ಧೈರ್ಯ ಮುನ್ನೂರು ಕಣ್ಣುಗಳೆದುರು ಯಾವ ಮಗುವಿಗಿದೆ?

ಸುಮ್ಮನೆ ನಿಲ್ಲುವ ಮಗುವಿನ ಪ್ರಶ್ನೆಯೂ ಒಮ್ಮೆ ಎದ್ದಿತು. ೧೯೮೫ರಲ್ಲಿ ಕೇರಳದ ಶಾಲೆಯೊಂದರಲ್ಲಿ ಒಂದೇ ಮನೆಯ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ತಮ್ಮ ಧರ್ಮದ ನಂಬಿಕೆಯ ಕಾರಣದಿಂದ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ೧೯೮೬ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರು ಗೀತೆಗೆ ಅಗೌರವ ತೋರಿಲ್ಲವೆಂದು ತೀರ್ಪಿತ್ತು, ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಒಟ್ಟಾಗಿ ನಿಲ್ಲುವುದಕ್ಕೆ ಎಲ್ಲರೂ ಒಂದೇ ಅಚ್ಚಿನವರಾಗಬೇಕಿಲ್ಲವೆಂಬುದು ಅಂದು ಕಾನೂನಿನ ಮಾತಾಯಿತು.

ಇಂದಿನ ತೊಡಕು ಬೇರೆ. ಹಳೆಯ ಬಡಾವಣೆಗಳಲ್ಲಿ ಅಂಗಳವಿಲ್ಲದ ಶಾಲೆಗಳುಂಟು. ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳಲ್ಲಿ ರಾಷ್ಟ್ರಗೀತೆಯನ್ನೇ ಹಾಡಿಸುತ್ತಿಲ್ಲವೆಂದು ದೂರು ಬಂದಾಗ, ೨೦೨೨ರ ಆಗಸ್ಟಿನಲ್ಲಿ ಸರ್ಕಾರ ಅದನ್ನು ಕಡ್ಡಾಯಗೊಳಿಸಿತು. ಸ್ಥಳವಿಲ್ಲದಿದ್ದರೆ ತರಗತಿಯ ಕೋಣೆಗಳಲ್ಲಿಯೇ ಹಾಡಿಸಬೇಕೆಂದಿತು. ಗೀತೆಯೇನೋ ಕೋಣೆಯಲ್ಲಿ ಉಳಿಯುತ್ತದೆ. ಒಂದನೆಯ ತರಗತಿಯ ಮಗು ಏಳನೆಯವರನ್ನು ನೋಡುವ ಅವಕಾಶ ಉಳಿಯುವುದಿಲ್ಲ. ಅಂಥ ಶಾಲೆಗಳು ವಾರಕ್ಕೊಮ್ಮೆಯಾದರೂ ಹತ್ತಿರದ ಉದ್ಯಾನದಲ್ಲೋ ಮೈದಾನದಲ್ಲೋ ಮಕ್ಕಳನ್ನೆಲ್ಲ ಸೇರಿಸಬಹುದು. ಮಲ್ಲೇಶ್ವರ, ಬಸವನಗುಡಿಗಳಲ್ಲಿ ಅದಕ್ಕೆ ಜಾಗವಿನ್ನೂ ಇದೆ.