ಹೋಳಿಗೆಯೋ, ಪುರಣಪೋಳಿಯೋ?



ಹೋಳಿಗೆ ಮಾಡಿದ ದಿನ ಪಕ್ಕದ ಮನೆಗೆ ಒಂದು ತಟ್ಟೆ ಕೊಟ್ಟು ನೋಡಿ. "ವ್ವಾ, ಪುರಣಪೋಳಿ!" ಅಂತಾರೆ. "ಅಲ್ಲರೀ, ಇದು ಹೋಳಿಗೆ" ಅಂತ ನಮ್ಮ ಬಾಯಿಗೆ ಬಂದೇ ಬರುತ್ತದೆ. ಬೇಳೆ ಬಸಿದ ನೀರಿನಲ್ಲಿ ನಮ್ಮದು ಕಟ್ಟಿನ ಸಾರು, ಅವರದು ಕಟಾಚಿ ಆಮಟಿ. ಹೆಸರುಗಳೂ ಅಕ್ಕತಂಗಿಯರಂತಿವೆ. ಹಾಗಾದರೆ ಇದು ಯಾರ ಅಡಿಗೆ?

ಭಾಷೆಗೊಂದು ರಾಜ್ಯ ಅಂತ ಗೆರೆ ಎಳೆದದ್ದು 1956ರಲ್ಲಿ. ಒಲೆ ಅದಕ್ಕಿಂತ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮಂಡಕ' ಎಂಬ ತಿನಿಸಿದೆ. ಬೆಳಗಾವಿ ಮದುವೆಯ ಮಂಡಿಗೆ, ಮರಾಠಿಗರ ಮಾಂಡೆ ಎರಡೂ ಅದರ ಮೊಮ್ಮಕ್ಕಳೇ. ಆ ದೊರೆಯ ರಾಜ್ಯ ಇಂದಿನ ಗಡಿಯ ಎರಡೂ ಕಡೆ ಹರಡಿತ್ತು.

ಮುಂಬಯಿಯಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 1988ರ ಲೇಖನವೊಂದರಲ್ಲಿ ಸ್ವಾರಸ್ಯದ ಮಾತು ಹೇಳಿದ್ದಾರೆ. 'ಭಾರತೀಯ ಅಡಿಗೆ' ಎಂಬುದನ್ನು ಕಟ್ಟಿದ್ದು ಅರಮನೆಯಲ್ಲ, ನಗರದ ಮಧ್ಯಮವರ್ಗದ ಗೃಹಿಣಿಯರು ಮತ್ತು ಅವರ ಅಡಿಗೆ ಪುಸ್ತಕಗಳು. ವರ್ಗವಾಗಿ ಬಂದ ಊರಲ್ಲಿ ಪರಭಾಷೆಯ ನೆರೆಯಾಕೆ "ಇದನ್ನು ಹೇಗೆ ಮಾಡ್ತೀರಿ?" ಅಂತ ಕೇಳುತ್ತಾಳೆ. ವಿವರಿಸಲು ಕೂತಾಗಲೇ ಮನೆಯ ಸಾರು 'ಕನ್ನಡಿಗರ ಸಾರು' ಆಗುತ್ತದೆ. ಊರಲ್ಲಿದ್ದಾಗ ಅದು ಬರೀ ಸಾರು!

ಆದರೆ ಗುರುತು ಅಂದಮೇಲೆ ಜಗಳವೂ ಬಂತು. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಸಿಟ್ಟು ಮೊದಲು ತಿರುಗಿದ್ದು ದಕ್ಷಿಣದವರ ಮೇಲೆ. ಮುಂಬಯಿಯ ಉಡುಪಿ ಹೋಟೆಲುಗಳೂ ಗುರಿಯಾದವು. ಅಲ್ಲಿ ಊಟ ಬಡಿಸುತ್ತಿದ್ದವರು ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮ ಕರಾವಳಿಯ ಹುಡುಗರು. ಇಡ್ಲಿಗೆ ಎದುರಾಗಿ ಮರಾಠಿತನದ ಗುರುತಾಗಿ ನಿಂತದ್ದು ವಡಾಪಾವ್; 2009ರಲ್ಲಿ ಪಕ್ಷವೇ 'ಶಿವ ವಡಾಪಾವ್' ಗಾಡಿಗಳನ್ನು ತಂದಿತು. ಒಂದು ತಮಾಷೆ ನೋಡಿ: ಪಾವ್ ಪೋರ್ಚುಗೀಸರದು, ಆಲೂಗಡ್ಡೆ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. ಅದರಿಂದ ವಡಾಪಾವ್ ಮರಾಠಿಯಲ್ಲ ಅಂತಲ್ಲ. ದಿನವೂ ತಿಂದವರು ಅದನ್ನು ತಮ್ಮದಾಗಿಸಿಕೊಂಡರು, ಅಷ್ಟೇ.

ನಮ್ಮ ಪುಣೆಯದು ಬೇರೆ ಕತೆ. ಫರ್ಗ್ಯುಸನ್ ಕಾಲೇಜು ರಸ್ತೆಯ 'ವೈಶಾಲಿ'ಯನ್ನು ಬೆಳೆಸಿದ ಜಗನ್ನಾಥ ಶೆಟ್ಟರು 2023ರಲ್ಲಿ ತೀರಿಕೊಂಡಾಗ ಮರಾಠಿ ಪುಣೇಕರರು ತಮ್ಮ ಮನೆಯ ಹಿರಿಯರೇ ಹೋದಂತೆ ಮರುಗಿದರು. ಅಲ್ಲಿ ದೋಸೆಯಷ್ಟೇ ಹೆಸರಾದದ್ದು ಎಸ್‌ಪಿಡಿಪಿ, ಅಂದರೆ ಸೇವ್, ಆಲೂ, ಮೊಸರು ಹಾಕಿದ ಪೂರಿ. ಶೆಟ್ಟರ ಹೋಟೆಲಿನ ಆ ತಟ್ಟೆ ಯಾವ ರಾಜ್ಯದ್ದು, ನೀವೇ ಹೇಳಿ.

ನಿಮ್ಮ ಮನೆಯ ಯಾವ ತಿನಿಸಿಗೆ ನೆರೆಯವರು ಬೇರೆ ಹೆಸರಿಟ್ಟಿದ್ದಾರೆ? ಬರೆದು ಕಳಿಸಿ. ಮುಂದಿನ ಪ್ರಸಾರದಲ್ಲಿ ಓದುತ್ತೇನೆ.