ಬೆಟ್ಟದಲ್ಲಿ ಬಿದ್ದ ವಿಮಾನ ಹುಡುಕೋದು ಹೇಗೆ?

ಶುಕ್ರವಾರ ರಾತ್ರಿ ಬಸ್ ಹತ್ತೋದು, ಶನಿವಾರ ಕುಮಾರಪರ್ವತವನ್ನೋ ಕುದುರೆಮುಖವನ್ನೋ ಹತ್ತೋದು, ಭಾನುವಾರ ರಾತ್ರಿ ಫೋಟೋ ಹಾಕೋದು. ನಮ್ಮಲ್ಲಿ ಬಹಳಷ್ಟು ಜನಕ್ಕೆ ಟ್ರೆಕ್ಕಿಂಗ್ ಅಂದ್ರೆ ಇಷ್ಟೇ. ಆದರೆ ಬೆಟ್ಟ ಹತ್ತೋದಕ್ಕೆ ಬೇರೆಯದೇ ಕಾರಣ ಇಟ್ಟುಕೊಂಡ ಜನ ಇದ್ದಾರೆ. ಅವರಿಗೆ ಬೇಕಾಗಿರೋದು ಬೆಟ್ಟದ ತುದಿ ಅಲ್ಲ. ಎಂಬತ್ತು ವರ್ಷದ ಹಿಂದೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಬೆಟ್ಟಕ್ಕೆ ಬಡಿದು ಬಿದ್ದ ವಿಮಾನ ಅವರಿಗೆ ಬೇಕು.

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಂಥ ಜಾಗದಲ್ಲಿ ಇದು ವಾರಾಂತ್ಯದ ಹವ್ಯಾಸ. ಬೋಳು ಬೆಟ್ಟ, ನಕಾಶೆಯಲ್ಲಿ ಗುರುತಾಗಿರೋ ಜಾಗ. ಬೆಳಿಗ್ಗೆ ಹೋಗಿ ವಿಮಾನದ ಚೂರು ನೋಡಿ ಸಂಜೆ ಟೀ ಹೊತ್ತಿಗೆ ಮನೆಗೆ ಬರಬಹುದು. ನಮ್ಮ ದೇಶದಲ್ಲೂ ಇಂಥ ಜಾಗಗಳಿವೆ. ಎಷ್ಟಿವೆ ಅಂದ್ರೆ, ಅಲ್ಲಿ ವಿಮಾನ ಓಡಿಸಿದವರು ಆ ದಾರಿಗೆ 'ಅಲ್ಯೂಮಿನಿಯಂ ಟ್ರೇಲ್' ಅಂತಲೇ ಹೆಸರಿಟ್ಟಿದ್ದರು. ಆದರೆ ಅಲ್ಲಿಗೆ ಹೋಗಿ ಸಂಜೆಗೆ ವಾಪಸ್ ಬರೋ ಮಾತೇ ಇಲ್ಲ.

1942ರ ಏಪ್ರಿಲ್ ಕೊನೆಯಲ್ಲಿ ಜಪಾನಿನ ಸೈನ್ಯ ಬರ್ಮಾದ ಲಾಶಿಯೋ ಊರನ್ನು ಹಿಡಿಯಿತು. ಅಲ್ಲಿಂದ ಚೀನಾಕ್ಕೆ ಹೋಗುತ್ತಿದ್ದ ಬರ್ಮಾ ರಸ್ತೆ ಬಂದ್ ಆಯಿತು. ಚೀನಾದಲ್ಲಿ ಹೋರಾಡುತ್ತಿದ್ದ ಸೈನ್ಯಕ್ಕೆ ಪೆಟ್ರೋಲ್, ಮದ್ದುಗುಂಡು, ಔಷಧಿ ಏನೇ ಕಳಿಸಬೇಕಿದ್ದರೂ ಉಳಿದದ್ದು ಆಕಾಶದ ದಾರಿ ಒಂದೇ. ಅಸ್ಸಾಮಿನ ಚಾಬುವಾ, ದಿನ್‌ಜಾನ್, ಜೋರ್ಹಾಟ್ ಮುಂತಾದ ಕಡೆಯಿಂದ ಎದ್ದು, ಹಿಮಾಲಯದ ಪೂರ್ವದ ಸಾಲುಗಳನ್ನು ದಾಟಿ ಚೀನಾದ ಕುನ್‌ಮಿಂಗ್‌ನಲ್ಲಿ ಇಳಿಯೋದು. ಸುಮಾರು 800 ಕಿಲೋಮೀಟರ್. ಒಂಟೆಯ ಡುಬ್ಬದ ಹಾಗೆ ಅಡ್ಡ ನಿಂತ ಈ ಬೆಟ್ಟಗಳಿಗೆ ಅಮೆರಿಕನ್ ಪೈಲಟ್‌ಗಳು ಕರೆದದ್ದು 'ದ ಹಂಪ್'. 1945ರಲ್ಲಿ ನಿಲ್ಲಿಸುವಷ್ಟರಲ್ಲಿ ಸುಮಾರು ಆರೂವರೆ ಲಕ್ಷ ಟನ್ ಸಾಮಾನು ಈ ದಾರಿಯಲ್ಲಿ ಹೋಗಿತ್ತು. ಅದಕ್ಕೆ ತೆತ್ತ ಬೆಲೆ ಸುಮಾರು 600 ವಿಮಾನ, 1,600ಕ್ಕೂ ಹೆಚ್ಚು ಜನ.

ಇಷ್ಟೊಂದು ವಿಮಾನ ಬಿದ್ದದ್ದು ಶತ್ರುಗಳ ಗುಂಡಿಗೆ ಅಂದ್ಕೊಂಡರೆ ತಪ್ಪು. ಜಪಾನಿನ ಫೈಟರ್‌ಗಳು ಕೆಲವನ್ನು ಕೆಡವಿದವು, ನಿಜ. ಆದರೆ ದೊಡ್ಡ ಶತ್ರು ಹವಾಮಾನ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ ಗಂಟೆಗೆ 160 ಕಿಲೋಮೀಟರ್ ಮೀರುತ್ತಿತ್ತು. ಚೀನಾಕ್ಕೆ ಹೋಗುವಾಗ ಇದು ಬೆನ್ನಿಗೆ ತಳ್ಳುತ್ತೆ, ಖುಷಿ. ವಾಪಸ್ ಬರುವಾಗ ಎದೆಗೆ ಹೊಡೆಯುತ್ತೆ. ಗಂಟೆಗೆ 300 ಕಿಲೋಮೀಟರ್ ಹಾರೋ ವಿಮಾನಕ್ಕೆ 160ರ ಎದುರುಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ ಅದು ಓಡೋದು 140ರಲ್ಲಿ. ಲೆಕ್ಕ ಹಾಕಿ ತುಂಬಿದ್ದ ಇಂಧನ ಎಲ್ಲಿ ಸಾಕಾಗುತ್ತೆ? ಕೆಳಗೆ ಮೋಡ, ನಂಬಿಕೆಗೆ ಬರೋ ನಕಾಶೆ ಇಲ್ಲ, ರೇಡಿಯೋ ಸಿಗ್ನಲ್ ಬೆಟ್ಟದ ಹಿಂದೆ ಸಿಗಲ್ಲ. ಇನ್ನೂ ಹತ್ತಿದ್ದೇವೆ ಅಂದ್ಕೊಂಡಿದ್ದ ಬೆಟ್ಟಸಾಲನ್ನು ದಾಟಿಯೇ ಆಗಿದೆ ಅಂದ್ಕೊಂಡು ಇಳಿಯಲು ಶುರು ಮಾಡಿದರೆ ಕಥೆ ಮುಗಿಯಿತು.

ಇದಕ್ಕೆ ಆಲ್ಟಿಮೀಟರ್ ಮೋಸವನ್ನೂ ಸೇರಿಸಿ. ಆಗಿನ ಆಲ್ಟಿಮೀಟರ್ ಅಂದ್ರೆ ಎತ್ತರದ ಅಳತೆ ಬರೆದುಕೊಂಡಿರೋ ಒಂದು ಬ್ಯಾರೋಮೀಟರ್, ಅಷ್ಟೇ. ಅದಕ್ಕೆ ಗೊತ್ತಿರೋದು ಒತ್ತಡ ಮಾತ್ರ. ಸಮುದ್ರಮಟ್ಟದ ಹತ್ತಿರ ಒಂದು ಹೆಕ್ಟೋಪ್ಯಾಸ್ಕಲ್ ವ್ಯತ್ಯಾಸ ಅಂದ್ರೆ ಸುಮಾರು 27 ಅಡಿ. ಹೊರಟ ಊರಿನ ಒತ್ತಡಕ್ಕೆ ಹೊಂದಿಸಿಕೊಂಡು, ಒತ್ತಡ 10 ಹೆಕ್ಟೋಪ್ಯಾಸ್ಕಲ್ ಕಡಿಮೆ ಇರೋ ಬಿರುಗಾಳಿಯೊಳಗೆ ನುಗ್ಗಿದರೆ, ನೀವು ಇರೋ ಎತ್ತರಕ್ಕಿಂತ ಹೆಚ್ಚುಕಮ್ಮಿ 270 ಅಡಿ ಜಾಸ್ತಿ ತೋರಿಸುತ್ತೆ. ಗಾಳಿ ತಣ್ಣಗಿದ್ದರೆ ಇನ್ನಷ್ಟು. ಲೆಕ್ಕದಲ್ಲಿರೋದಕ್ಕಿಂತ 10 ಡಿಗ್ರಿ ಚಳಿ ಇದ್ದರೆ ಸುಮಾರು ನೂರಕ್ಕೆ ನಾಲ್ಕರಷ್ಟು ತಪ್ಪು. 15,000 ಅಡಿಯಲ್ಲಿ ಅದು 600 ಅಡಿ. ಎರಡೂ ತಪ್ಪು ಒಂದೇ ಕಡೆಗೆ ಎಳೀತಾವೆ ಅನ್ನೋದೇ ಭಯದ ವಿಷಯ. ಫ್ಲೂಯಿಡ್ಸ್ ಪರೀಕ್ಷೆಗೆ ಮ್ಯಾನೋಮೀಟರ್ ಲೆಕ್ಕ ಬಾಯಿಪಾಠ ಮಾಡುವಾಗ ಇದನ್ನು ಯಾರಾದರೂ ಹೇಳಿದ್ದರೆ ಚೆನ್ನಾಗಿರುತ್ತಿತ್ತು.

ವಿಮಾನಗಳೂ ಸಾಧುವಾಗಿರಲಿಲ್ಲ. ಸಿ-46 ಹೆಚ್ಚು ಭಾರ ಹೊರುತ್ತಿತ್ತು, ಆದರೆ ಸೋರಿದ ಇಂಧನ ರೆಕ್ಕೆಯ ಬುಡದಲ್ಲಿ ಸೇರಿಕೊಂಡು ಕಿಡಿಗೆ ಕಾಯುತ್ತಿತ್ತು. ಬಿ-24 ಬಾಂಬರ್ ಅನ್ನೇ ಮಾರ್ಪಡಿಸಿ ಪೆಟ್ರೋಲ್ ಟ್ಯಾಂಕರ್ ಮಾಡಿದ್ದು ಸಿ-109. ಅದನ್ನು ಓಡಿಸುವವರೇ ತಮಾಷೆಗೆ 'ಸಿ-ಒನ್-ಓ-ಬೂಮ್' ಅಂತ ಕರೆಯುತ್ತಿದ್ದರು.

ಸರಿ, ಬಿದ್ದವು. ಹುಡುಕೋದು ಹೇಗೆ?

ಉಪಗ್ರಹದ ಚಿತ್ರ ನೋಡಿದರೆ ಆಯ್ತಲ್ವಾ ಅಂತ ಮೊದಲು ಎಲ್ಲರಿಗೂ ಅನ್ನಿಸುತ್ತೆ. ಅರುಣಾಚಲದ ಕಾಡಿನಲ್ಲಿ ಅದು ನಡೆಯಲ್ಲ. ಬೆಟ್ಟಕ್ಕೆ ಬಡಿದ ವಿಮಾನ ಇಡಿಯಾಗಿ ಉಳಿದಿರಲ್ಲ, ನೂರಾರು ಚೂರಾಗಿ ಇಳಿಜಾರಿನ ಮೇಲೆ ಹರಡಿರುತ್ತೆ. ಅದರ ಮೇಲೆ ಎಂಬತ್ತು ಮಳೆಗಾಲದ ಬಿದಿರು, ಪಾಚಿ, ಕುಸಿದ ಮಣ್ಣು. ಈಗಿನ ಕಾಲದ ಉದಾಹರಣೆಯನ್ನೇ ತಗೊಳ್ಳಿ. 2019ರ ಜೂನ್ 3ರಂದು ಜೋರ್ಹಾಟ್‌ನಿಂದ ಮೆಚುಕಾಕ್ಕೆ ಹೊರಟ ನಮ್ಮ ವಾಯುಸೇನೆಯ ಎಎನ್-32 ವಿಮಾನ 13 ಜನರೊಂದಿಗೆ ಕಾಣೆಯಾಯಿತು. ಹೆಲಿಕಾಪ್ಟರ್, ಉಪಗ್ರಹ, ಸೈನ್ಯ ಎಲ್ಲ ಸೇರಿ ಹುಡುಕಿದರೂ ಅವಶೇಷ ಕಂಡದ್ದು ಎಂಟು ದಿನದ ನಂತರ. ಹಾಗಿದ್ದರೆ 1944ರಲ್ಲಿ ಬಿದ್ದದ್ದರ ಗತಿ ಏನು, ಯೋಚಿಸಿ.

ಹಂಪ್‌ನ ವಿಮಾನಗಳನ್ನು ಅತಿ ಹೆಚ್ಚು ಪತ್ತೆ ಹಚ್ಚಿದವರಲ್ಲಿ ಮುಖ್ಯ ಹೆಸರು ಕ್ಲೇಟನ್ ಕೂಲ್ಸ್. ಅಮೆರಿಕದ ಅರಿಜೋನಾದವರು. ಸೈನಿಕರಲ್ಲ, ವ್ಯಾಪಾರಿ, ಪರ್ವತಾರೋಹಿ. 2002ರಲ್ಲಿ ಉತ್ತರ ಬರ್ಮಾದಲ್ಲಿ ಬೆಟ್ಟ ಹತ್ತಲು ಹೋದಾಗ ಸ್ಥಳೀಯರಿಂದ ಒಂದು ಹಳೇ ವಿಮಾನದ ಸುದ್ದಿ ಸಿಕ್ಕಿತು. ಆಮೇಲೆ ಅದೇ ಹುಚ್ಚಾಯಿತು. ಇಲ್ಲಿಯವರೆಗೆ ಇಪ್ಪತ್ತಕ್ಕೂ ಹೆಚ್ಚು ಜಾಗಗಳನ್ನು ಗುರುತಿಸಿದ್ದಾರೆ.

ಅವರ ವಿಧಾನ ಕೇಳಿದರೆ ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ಸ್ವಲ್ಪ ನಿರಾಸೆಯಾಗಬಹುದು. ಊರಿಗೆ ಹೋಗಿ ಬೇಟೆಗಾರರನ್ನು ಕೇಳೋದು! ಯಾಕಂದ್ರೆ 'ಕಾಣೆಯಾದ' ವಿಮಾನ ಅನ್ನೋದು ವಾಷಿಂಗ್ಟನ್ನಿನ ಕಡತದ ಭಾಷೆ. ಅಲ್ಲಿನ ಆದಿ, ಮಿಶ್ಮಿ ಜನರಿಗೆ ಅದು ಎಂದೂ ಕಾಣೆಯಾಗಿರಲಿಲ್ಲ. ಯಾವ ಬೆಟ್ಟದ ಯಾವ ಮಗ್ಗುಲಲ್ಲಿ ತಗಡು ಬಿದ್ದಿದೆ ಅಂತ ತಾತನ ಕಾಲದಿಂದ ಗೊತ್ತು. ಕೆಲವರು ಅಲ್ಲಿಂದ ತಂದ ಅಲ್ಯೂಮಿನಿಯಂ ತಗಡನ್ನು ಪಾತ್ರೆಗೋ ಮನೆಯ ಬೇರೆ ಕೆಲಸಕ್ಕೋ ಬಳಸಿದ್ದೂ ಉಂಟು. ಅದನ್ನು ಬಂದು ಕೇಳಿದವರು ಯಾರೂ ಇರಲಿಲ್ಲ, ಅಷ್ಟೇ.

ಕೇಳಿದ ಮೇಲೆ ನಡೆಯಬೇಕು. ದಿನಗಟ್ಟಲೆ. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಕಾಡು ಸುತ್ತಿದವರಿಗೆ ಇಂಬಳದ ಪರಿಚಯ ಇರುತ್ತೆ. ಅದಕ್ಕೆ ಎದೆಮಟ್ಟದ ಹೊಳೆ, ಹಿಡಿದರೆ ಕೈಗೇ ಕಿತ್ತುಬರೋ ಬುಡವಿಲ್ಲದ ಇಳಿಜಾರು, ಮೇಲೆ ಹೋದಂತೆ ಹಿಮ, ಇಷ್ಟನ್ನೂ ಸೇರಿಸಿಕೊಳ್ಳಿ.

ಜಾಗ ಸಿಕ್ಕಿತು ಅಂತಿಟ್ಟುಕೊಳ್ಳಿ. ಇದು ಯಾವ ವಿಮಾನ ಅಂತ ಹೇಳೋದು ಹೇಗೆ? ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗ ಇದು. ಅಮೆರಿಕದ ಸೇನಾ ವಿಮಾನಗಳಿಗೆ ಒಂದು ಕ್ರಮಸಂಖ್ಯೆ ಇರುತ್ತಿತ್ತು. ಉದಾಹರಣೆಗೆ 42-73308. ಮೊದಲ 42 ಅಂದ್ರೆ 1942ರ ಹಣಕಾಸು ವರ್ಷದ ಆರ್ಡರ್, ಉಳಿದದ್ದು ಆ ವರ್ಷದ ಕ್ರಮ. ಬಾಲದ ಮೇಲೆ ಬಣ್ಣದಲ್ಲಿ ಬರೆಯುವಾಗ ಮೊದಲ 4 ಅನ್ನು ಬಿಟ್ಟು 273308 ಅಂತ ಬರೆಯೋರು. ಬಾಲ ಉಳಿದಿದ್ದರೆ ಅದೃಷ್ಟ. ಉಳಿಯದಿದ್ದರೆ ಎಂಜಿನ್ ಹತ್ತಿರ ಹೋಗಬೇಕು. ಎಂಜಿನ್ನಿಗೆ, ಬಾಂಬರ್ ಆಗಿದ್ದರೆ ಮಷೀನ್ ಗನ್ನಿಗೆ, ಬೇರೆ ಬೇರೆ ಭಾಗಗಳಿಗೆ ಅವುಗಳದೇ ನಂಬರ್ ಇರೋ ಸಣ್ಣ ಪ್ಲೇಟುಗಳಿರುತ್ತವೆ. ವಿಮಾನ ಕಾಣೆಯಾದಾಗ ಸೇನೆಯವರು ಒಂದು ವರದಿ ಬರೆಯುತ್ತಿದ್ದರು. ಅದರಲ್ಲಿ ಯಾರು ಯಾರಿದ್ದರು, ಎಲ್ಲಿಂದ ಹೊರಟರು ಅನ್ನೋದರ ಜೊತೆಗೆ ಎಂಜಿನ್ ಮತ್ತು ಗನ್‌ಗಳ ನಂಬರ್ ಕೂಡ ಇರುತ್ತಿತ್ತು. ಕಾಡಿನ ಪ್ಲೇಟು, ಕಡತದ ಸಾಲು, ಎರಡೂ ತಾಳೆಯಾದರೆ ಆ ಚೂರುಗಳಿಗೆ ಒಂದು ಹೆಸರು ಬರುತ್ತೆ, ಜೊತೆಗೆ ಅದರೊಳಗಿದ್ದವರ ಹೆಸರೂ.

ಇಷ್ಟು ವರ್ಷ ಆ ಚೂರುಗಳು ಉಳಿದದ್ದು ಹೇಗೆ ಅಂದ್ರೆ, ವಿಮಾನದ ತಗಡು ಶುದ್ಧ ಅಲ್ಯೂಮಿನಿಯಂ ಅಲ್ಲ. ನೂರಕ್ಕೆ ನಾಲ್ಕರಷ್ಟು ತಾಮ್ರ ಬೆರೆಸಿದ ಮಿಶ್ರಲೋಹ. ತಾಮ್ರದಿಂದ ಗಟ್ಟಿ ಬರುತ್ತೆ, ಆದರೆ ಸವೆತವೂ ಬೇಗ. ಅದಕ್ಕೆ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಅಂಟಿಸುತ್ತಿದ್ದರು. ಆ ಪದರದ ಮೇಲೆ ತಾನೇ ತಾನಾಗಿ ಕಟ್ಟಿಕೊಳ್ಳೋ ಆಕ್ಸೈಡ್ ಒಳಗಿನದನ್ನು ಕಾಯುತ್ತೆ. ಹಾಗಾಗಿ ಉಕ್ಕಿನ ಬೋಲ್ಟು ತುಕ್ಕಾಗಿ ಉದುರಿದ್ದರೂ ರೆಕ್ಕೆಯ ತಗಡು ಹೊಳೆಯುತ್ತಿರುತ್ತೆ.

ಮೇಲೆ ಹೇಳಿದ 42-73308 ಸುಮ್ಮನೆ ಬರೆದ ನಂಬರ್ ಅಲ್ಲ. ಅದು 'ಹಾಟ್ ಆ್ಯಸ್ ಹೆಲ್' ಅನ್ನೋ ಬಿ-24. 1944ರ ಜನವರಿ 25ರಂದು ಎಂಟು ಜನರೊಂದಿಗೆ ಕುನ್‌ಮಿಂಗ್‌ನಿಂದ ಚಾಬುವಾಕ್ಕೆ ಹೊರಟಿತ್ತು. ಅಂದ್ರೆ ಪಶ್ಚಿಮಕ್ಕೆ, ಎದುರುಗಾಳಿಯ ಕಡೆಗೆ. ತಲುಪಲಿಲ್ಲ. 2006ರ ಡಿಸೆಂಬರ್‌ನಲ್ಲಿ ಕೂಲ್ಸ್ ಅದನ್ನು ಅರುಣಾಚಲದ ದಮ್ರೋ ಊರಿನ ಮೇಲಿನ ಬೆಟ್ಟದಲ್ಲಿ ಗುರುತಿಸಿದರು. ಗುರುತಿಸಿದ ಕೂಡಲೇ ಎಲ್ಲ ಮುಗಿಯಲಿಲ್ಲ. ಗಡಿ ರಾಜ್ಯ, ಎರಡು ಸರ್ಕಾರಗಳ ಅನುಮತಿ, ಹವಾಮಾನ ಅಂತ ವರ್ಷಗಳೇ ಹೋದವು. 2015ರಲ್ಲಿ ಅಮೆರಿಕದ ತಂಡ ಅಲ್ಲಿ ಅಗೆದು ಮೂಳೆಯ ತುಣುಕುಗಳನ್ನು ತೆಗೆಯಿತು, 2016ರ ಏಪ್ರಿಲ್‌ನಲ್ಲಿ ಅವನ್ನು ದೆಹಲಿಯಿಂದ ಗೌರವದೊಂದಿಗೆ ಕಳಿಸಿಕೊಟ್ಟರು. ಡಿಎನ್‌ಎ ಹೊಂದಿಸಿ ನೋಡಿದಾಗ ಸಿಕ್ಕ ಹೆಸರು ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್. 2017ರಲ್ಲಿ, ಕಾಣೆಯಾದ ಎಪ್ಪತ್ತಮೂರು ವರ್ಷಕ್ಕೆ, ಜಾರ್ಜಿಯಾ ರಾಜ್ಯದ ಕಾಂಕರ್ಡ್ ಎಂಬ ತಮ್ಮ ಸಣ್ಣ ಊರಿನಲ್ಲಿ ಅವರು ಮಣ್ಣಾದರು.

ಎಲ್ಲ ಹುಡುಕಾಟವೂ ಹೀಗೆ ದಡ ಸೇರಲ್ಲ. 1945ರ ಜನವರಿ ಮೊದಲ ವಾರದ ಬಿರುಗಾಳಿಯಲ್ಲಿ 13 ಜನರಿದ್ದ ಒಂದು ಸಿ-46 ಕಾಣೆಯಾಗಿತ್ತು. ಅದರಲ್ಲಿದ್ದ ಅಧಿಕಾರಿಯೊಬ್ಬರ ಮಗ, ತಾವೇ ಮುದುಕರಾದ ಮೇಲೆ, ಕೂಲ್ಸ್ ಅವರಿಗೆ ಹುಡುಕಲು ಹೇಳಿದರು. 2021ರ ಡಿಸೆಂಬರ್‌ನಲ್ಲಿ ಹಿಮದ ಬೆಟ್ಟದ ಮೇಲೆ ಆ ವಿಮಾನ ಸಿಕ್ಕಿತು, ಬಾಲದ ನಂಬರಿನಿಂದ ಗುರುತೂ ಆಯಿತು. ಮನುಷ್ಯರ ಗುರುತು ಏನೂ ಸಿಗಲಿಲ್ಲ. ಇದಕ್ಕೂ ಮೊದಲು, 2018ರ ಸೆಪ್ಟೆಂಬರ್‌ನಲ್ಲಿ ಅದೇ ಜಾಗಕ್ಕೆ ಹೊರಟಾಗ ಅಕಾಲದ ಹಿಮಪಾತಕ್ಕೆ ಸಿಕ್ಕಿ ಮೂವರು ಸ್ಥಳೀಯ ಗೈಡ್‌ಗಳು ಚಳಿಗೆ ಸತ್ತಿದ್ದರು. ಸುದ್ದಿಯಲ್ಲಿ ಅವರಿಗೆ ಸಿಕ್ಕಿದ್ದು ಒಂದೋ ಎರಡೋ ಸಾಲು. ಯುದ್ಧ ಮುಗಿದು ಎಪ್ಪತ್ಮೂರು ವರ್ಷದ ನಂತರವೂ ಆ ವಿಮಾನಕ್ಕಾಗಿ ಜನ ಸತ್ತರು, ಅದೂ ಯುದ್ಧಕ್ಕೆ ಸಂಬಂಧವೇ ಇಲ್ಲದವರು. ಹುಡುಕಿದವರ ಹೆಸರಿನ ಪಕ್ಕ ಇವರ ಲೆಕ್ಕವೂ ಇರಬೇಕು ಅನ್ನೋದು ನನ್ನ ವಾದ.

ಇಷ್ಟು ದೂರದ ಕಥೆಗೆ ಬೆಂಗಳೂರಿನ ನಂಟೂ ಇದೆ. 1940ರಲ್ಲಿ ಶುರುವಾದ ನಮ್ಮ ಎಚ್‌ಎಎಲ್ ಯುದ್ಧದ ಕಾಲದಲ್ಲಿ ಅಮೆರಿಕನ್ ವಿಮಾನಗಳ ದೊಡ್ಡ ರಿಪೇರಿ ಕೇಂದ್ರವಾಗಿತ್ತು. ನೀರಿನ ಮೇಲೆ ಇಳಿಯೋ ಕ್ಯಾಟಲೀನಾ ವಿಮಾನಗಳು ರಿಪೇರಿಗೆ ಬಂದು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. (ಹೌದು, ಅದೇ ಬೆಳ್ಳಂದೂರು. ಆಗ ನೊರೆ ಇರಲಿಲ್ಲ.) ಯುದ್ಧ ಮುಗಿದ ಮೇಲೆ ಬಿ-24ಗಳನ್ನು ಕಾನ್ಪುರದಲ್ಲಿ ಯಾರೂ ಬಳಸದಂತೆ ಕೆಡಿಸಿ ಬಿಟ್ಟುಹೋಗಿದ್ದರು. ಎಚ್‌ಎಎಲ್‌ನವರು ಅವನ್ನು ಹಾರುವಷ್ಟರ ಮಟ್ಟಿಗೆ ತೇಪೆ ಹಾಕಿ ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಪೂರ್ತಿ ಸರಿ ಮಾಡಿದರು. ವಾಯುಸೇನೆ ಅವನ್ನು 1968ರವರೆಗೂ ಬಳಸಿತು. ಇವತ್ತು ಬೇರೆ ದೇಶಗಳ ಮ್ಯೂಸಿಯಂಗಳಲ್ಲಿ ಕಾಣೋ ಬಿ-24ಗಳಲ್ಲಿ ಹಲವು ಹೀಗೆ ಬದುಕಿದವು. ಲಂಡನ್ನಿನ ಹೆಂಡನ್‌ನಲ್ಲಿರೋ ಆರ್‌ಎಎಫ್ ಮ್ಯೂಸಿಯಂನ ಬಿ-24 ಕೂಡ ಅಂಥದ್ದೇ.

ಇಷ್ಟೆಲ್ಲ ಓದಿ ಯಾರಿಗಾದರೂ ಬ್ಯಾಗ್ ಕಟ್ಟಬೇಕು ಅನ್ನಿಸಿದರೆ ಎರಡು ಮಾತು. ಅರುಣಾಚಲಕ್ಕೆ ಹೋಗಲು ಭಾರತೀಯರಾದ ನಮಗೂ ಇನ್ನರ್ ಲೈನ್ ಪರ್ಮಿಟ್ ಬೇಕು. ಊರಿನವರ ಜೊತೆ ಇಲ್ಲದೆ ಆ ಕಾಡಿಗೆ ಕಾಲಿಡಬೇಡಿ. ಚೂರುಗಳು ಕಂಡರೆ ಫೋಟೋ ತೆಗೀರಿ, ನಂಬರ್ ಬರೆದುಕೊಳ್ಳಿ, ಜಾಗದ ಅಕ್ಷಾಂಶ ರೇಖಾಂಶ ಗುರುತು ಹಾಕಿಕೊಳ್ಳಿ. ಎತ್ತಿಕೊಂಡು ಬರಬೇಡಿ. ಬ್ರಿಟನ್ನಿನಲ್ಲಿ ಇದಕ್ಕೆ 1986ರಿಂದ ಕಾನೂನೇ ಇದೆ. ಸೇನೆಯ ಸೇವೆಯಲ್ಲಿದ್ದಾಗ ಬಿದ್ದ ವಿಮಾನದ ಚೂರನ್ನು ಲೈಸೆನ್ಸ್ ಇಲ್ಲದೆ ಅಗೆಯುವ ಹಾಗಿಲ್ಲ, ಒಯ್ಯುವ ಹಾಗಿಲ್ಲ. ಹಾಸ್ಟೆಲ್ ರೂಮಿನ ಶೆಲ್ಫಿಗೆ ಚೆಂದ ಕಾಣುತ್ತೆ ಅಂತ ನೀವು ತಂದ ಆ ಸಣ್ಣ ಪ್ಲೇಟೇ ಆ ವಿಮಾನದ ಉಳಿದ ಒಂದೇ ವಿಳಾಸ ಆಗಿರಬಹುದು. ಭಾರತದಲ್ಲಿ ಕಾಣೆಯಾದ ಸುಮಾರು 400 ಅಮೆರಿಕನ್ನರ ಲೆಕ್ಕ ಇನ್ನೂ ತೆರೆದೇ ಇದೆ.

ಕಾಡಿಗೆ ಹೋಗೋ ಧೈರ್ಯ ಇಲ್ಲದವರು ಪಾಸಿಘಾಟ್‌ಗೆ ಹೋಗಬಹುದು. 2023ರ ನವೆಂಬರ್‌ನಲ್ಲಿ ಅಲ್ಲಿ ಹಂಪ್ ಮ್ಯೂಸಿಯಂ ತೆರೆದಿದ್ದಾರೆ, ಬೆಟ್ಟದಿಂದ ತಂದ ಭಾಗಗಳನ್ನು ಇಟ್ಟಿದ್ದಾರೆ. ಸಿಯಾಂಗ್ ನದಿಯ ದಡದ ಊರು. ಅಸ್ಸಾಮಿನ ದಿಬ್ರುಗಢದವರೆಗೆ ರೈಲು ಅಥವಾ ವಿಮಾನ, ಮುಂದೆ ರಸ್ತೆ. ಮಳೆಗಾಲ ಬಿಟ್ಟು ಹೋಗಿ.