‘ಅಂಗಾಂಶ ಹೊಂದಿಕೆ’: ಒಂದು ಪಾರಿಭಾಷಿಕ ಪದದ ಅರ್ಥ ಮತ್ತು ಬಳಕೆ

ಕನ್ನಡದಲ್ಲಿ ವಿಜ್ಞಾನ ಪರಿಭಾಷೆಯ ಚರ್ಚೆ ಬಹುಮಟ್ಟಿಗೆ ಪದದ ಮೂಲ ಸಂಸ್ಕೃತವೋ ದೇಶ್ಯವೋ ಎಂಬ ಪ್ರಶ್ನೆಯ ಸುತ್ತಲೇ ನಡೆದಿದೆ. ಪದವೊಂದು ಸಮರ್ಪಕವೇ ಎಂಬುದನ್ನು ನಿರ್ಧರಿಸಲು ಅದರ ಮೂಲವಷ್ಟೇ ಸಾಲದು. ಅದು ಹೊರುವ ಪರಿಕಲ್ಪನೆ, ನೆರೆಯ ಪದಗಳಿಂದ ಅದು ಕಾಯ್ದುಕೊಳ್ಳುವ ಅಂತರ, ವಾಕ್ಯದಲ್ಲಿ ಅದರ ನಡೆ ಇವೆಲ್ಲವನ್ನೂ ನೋಡಬೇಕಾಗುತ್ತದೆ. ರೋಗನಿರೋಧ ವಿಜ್ಞಾನದ ‘ಹಿಸ್ಟೊಕಾಂಪ್ಯಾಟಿಬಿಲಿಟಿ’ ಎಂಬ ಪದವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೂತ್ರಪಿಂಡ ಅಥವಾ ಅಸ್ಥಿಮಜ್ಜೆಯ ಕಸಿಯ ಸಂದರ್ಭದಲ್ಲಿ ಈ ಪದ ಪ್ರಯೋಗಾಲಯವನ್ನು ದಾಟಿ ರೋಗಿಯ ಮನೆಯನ್ನು ತಲುಪುತ್ತದೆ. ಆದ್ದರಿಂದ ಇಲ್ಲಿನ ಪದದ ಆಯ್ಕೆ ಕೇವಲ ನಿಘಂಟಿನ ಪ್ರಶ್ನೆಯಲ್ಲ.

1. ಪರಿಕಲ್ಪನೆ

ಒಬ್ಬರ ಅಂಗಾಂಶವನ್ನು ಮತ್ತೊಬ್ಬರ ದೇಹಕ್ಕೆ ಕಸಿ ಮಾಡಿದಾಗ ಆ ದೇಹದ ರೋಗನಿರೋಧ ವ್ಯವಸ್ಥೆ ಅದನ್ನು ಅನ್ಯವೆಂದು ಗುರುತಿಸಿ ತಿರಸ್ಕರಿಸಬಹುದು. ಇಬ್ಬರ ಜೀವಕೋಶಗಳ ಮೇಲಿನ ಗುರುತುಗಳು, ಅಂದರೆ ಪ್ರತಿಜನಕಗಳು, ಎಷ್ಟರಮಟ್ಟಿಗೆ ಒಂದೇ ಆಗಿವೆ ಎಂಬುದೇ ಹಿಸ್ಟೊಕಾಂಪ್ಯಾಟಿಬಿಲಿಟಿ. ಪೀಟರ್ ಗೋರರ್ 1930ರ ದಶಕದಲ್ಲಿ ಇಲಿಗಳಲ್ಲಿ ಇಂಥ ಪ್ರತಿಜನಕವನ್ನು ಗುರುತಿಸಿದರು. ಅಮೆರಿಕದ ಜಾಕ್ಸನ್ ಪ್ರಯೋಗಾಲಯದ ಜಾರ್ಜ್ ಸ್ನೆಲ್ 1948ರಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲಿಯೇ ಈ ಪದವಿದೆ. ಮನುಷ್ಯರ ಬಿಳಿ ರಕ್ತಕಣಗಳಲ್ಲಿ ಇಂಥ ಪ್ರತಿಜನಕವನ್ನು ಜ್ಯಾನ್ ಡೋಸೆ 1958ರಲ್ಲಿ ವಿವರಿಸಿದರು. ಸ್ನೆಲ್, ಡೋಸೆ ಮತ್ತು ಬೆನಾಸೆರಾಫ್ ಅವರಿಗೆ 1980ರ ನೊಬೆಲ್ ಪ್ರಶಸ್ತಿ ದೊರೆಯಿತು. ಮನುಷ್ಯರಲ್ಲಿ ಈ ಗುರುತುಗಳನ್ನು ‘ಎಚ್‌ಎಲ್‌ಎ’ ಎಂದು ಕರೆಯಲಾಗುತ್ತದೆ. ಅವುಗಳ ವಂಶವಾಹಿಗಳು 6ನೆಯ ವರ್ಣತಂತುವಿನಲ್ಲಿ ಒತ್ತೊತ್ತಾಗಿ ನೆಲೆಸಿವೆ.

2. ‘ಊತಕ’ ಮತ್ತು ‘ಅಂಗಾಂಶ’

ಗ್ರೀಕಿನ ‘ಹಿಸ್ಟೊಸ್’ ಎಂದರೆ ಮಗ್ಗ, ನೇಯ್ದ ಬಟ್ಟೆ. ಇಂಗ್ಲಿಷಿನ ‘ಟಿಶ್ಯೂ’ ಕೂಡ ನೇಯ್ಗೆಯನ್ನು ಸೂಚಿಸುವ ಲ್ಯಾಟಿನ್ ಧಾತುವಿನಿಂದ ಫ್ರೆಂಚಿನ ಮೂಲಕ ಬಂದುದು. ಈ ರೂಪಕವನ್ನು ಉಳಿಸಿಕೊಂಡಿರುವ ಪದ ‘ಊತಕ’. ನೇಯುವುದೆಂಬ ಅರ್ಥದ ಸಂಸ್ಕೃತ ಧಾತುವಿನ ‘ಊತ’ ರೂಪ ಇದರ ಮೂಲ. ನಮ್ಮ ‘ಓತಪ್ರೋತ’ವೂ ಅದೇ ಧಾತುವಿನದು. ಹಾಸುಹೊಕ್ಕಾಗಿ ನೇಯ್ದುದು ಎಂಬುದೇ ಅದರ ಮೊದಲ ಅರ್ಥ.

ವ್ಯುತ್ಪತ್ತಿಯ ದೃಷ್ಟಿಯಿಂದ ‘ಊತಕ’ ಹೀಗೆ ನಿರ್ದುಷ್ಟವಾಗಿದೆ. ಆದರೆ ಕನ್ನಡದಲ್ಲಿ ‘ಊತ’ ಎಂದರೆ ಬಾವು. ಮೂತ್ರಪಿಂಡದ ರೋಗಿಗಳಲ್ಲಿ ಕಾಲು, ಮುಖಗಳ ಊತ ಸಾಮಾನ್ಯ ಲಕ್ಷಣವಾದುದರಿಂದ ‘ಊತಕ ಪರೀಕ್ಷೆ’ ಎಂಬುದನ್ನು ಊತದ ಪರೀಕ್ಷೆಯೆಂದು ಗ್ರಹಿಸುವುದು ಅಸಹಜವೇನಲ್ಲ. ಶಾಲಾ ಪಠ್ಯಗಳ ಮೂಲಕ ಪರಿಚಿತವಾದ ‘ಅಂಗಾಂಶ’ದಲ್ಲಿ ನೇಯ್ಗೆಯ ರೂಪಕವಿಲ್ಲ; ಅಂಗದ ಅಂಶ ಎಂಬ ಸರಳ ವಿವರಣೆಯಿದೆ. ರೋಗಿಗೆ ಸಂಬಂಧಿಸಿದ ಬರಹದಲ್ಲಿ ವ್ಯುತ್ಪತ್ತಿಯ ಸೊಗಸಿಗಿಂತ ಅರ್ಥದ ಅಸಂದಿಗ್ಧತೆ ಮುಖ್ಯ. ಆದುದರಿಂದ ಅಲ್ಲಿ ‘ಅಂಗಾಂಶ’ವೇ ಗ್ರಾಹ್ಯ.

3. ‘ಹೊಂದಾಣಿಕೆ’, ‘ಸಹಿಷ್ಣುತೆ’, ‘ಹೊಂದಿಕೆ’

ಸಮಾಸದ ಉತ್ತರಪದ ಲ್ಯಾಟಿನ್ ಮೂಲದ್ದು. ಜೊತೆಯಲ್ಲಿ ಅನುಭವಿಸು, ಸಹಿಸು ಎಂಬುದು ಅದರ ಧಾತ್ವರ್ಥ. ಇದನ್ನು ಅನುಸರಿಸಿ ‘ಅಂಗಾಂಶ ಸಹಿಷ್ಣುತೆ’ ಎಂದರೆ ಶಾಸ್ತ್ರದೋಷವಾಗುತ್ತದೆ. ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್ ಮತ್ತು ಮೆಡಾವರ್ 1953ರಲ್ಲಿ ತೋರಿಸಿಕೊಟ್ಟಂತೆ, ಅನ್ಯ ಅಂಗಾಂಶವನ್ನೂ ತಿರಸ್ಕರಿಸದಂತೆ ದೇಹವನ್ನು ರೂಢಿಸಬಹುದು. ಈ ಬೇರೆಯೇ ಪರಿಕಲ್ಪನೆಗೆ ‘ಸಹಿಷ್ಣುತೆ’ಯನ್ನು ಮೀಸಲಿಡಬೇಕು. ಸಹಿಷ್ಣುತೆ ರೋಗನಿರೋಧ ವ್ಯವಸ್ಥೆಯ ವರ್ತನೆ. ಹಿಸ್ಟೊಕಾಂಪ್ಯಾಟಿಬಿಲಿಟಿ ಇಬ್ಬರ ಅಂಗಾಂಶಗಳ ನಡುವಣ ಸಂಬಂಧ.

‘ಹೊಂದಾಣಿಕೆ’ ಪ್ರಚಾರದಲ್ಲಿದೆಯಾದರೂ ಸಂಸಾರ, ರಾಜಕೀಯಗಳ ಸಂದರ್ಭದಲ್ಲಿ ಅದು ಪ್ರಯತ್ನಪೂರ್ವಕ ರಾಜಿಯನ್ನು ಸೂಚಿಸುತ್ತದೆ. ಅಂಗಾಂಶದ ಗುರುತುಗಳು ಹುಟ್ಟಿನಿಂದ ಬಂದವು. ಅಲ್ಲಿ ಪ್ರಯತ್ನಕ್ಕೆ ಎಡೆಯಿಲ್ಲ. ತಂದೆ ತಾಯಿಯರಿಂದ ಒಂದೊಂದು ಗುಚ್ಛ ಬರುವುದರಿಂದ ಒಡಹುಟ್ಟಿದ ಇಬ್ಬರಲ್ಲಿ ಅವು ಪೂರ್ಣವಾಗಿ ಒಂದೇ ಆಗಿರುವ ಸಂಭವ ನಾಲ್ಕರಲ್ಲಿ ಒಂದು. ಅರ್ಧ ಒಂದಾಗಿರುವ ಸಂಭವ ನಾಲ್ಕರಲ್ಲಿ ಎರಡು. ಯಾವುದೂ ಕೂಡದಿರುವ ಸಂಭವ ನಾಲ್ಕರಲ್ಲಿ ಒಂದು. ತಮ್ಮನಿಗೆ ಮೂತ್ರಪಿಂಡ ಕೊಡಲು ಮುಂದಾದ ಅಕ್ಕನಿಗೆ ‘ನಿಮ್ಮಲ್ಲಿ ಹೊಂದಾಣಿಕೆಯಿಲ್ಲ’ ಎಂದು ಹೇಳಿದರೆ ಆ ಮಾತು ಸಂಬಂಧದ ಮೇಲಿನ ತೀರ್ಪಿನಂತೆ ಕೇಳಿಸುತ್ತದೆ. ‘ಅಂಗಾಂಶದ ಗುರುತುಗಳು ಹೊಂದುತ್ತಿಲ್ಲ’ ಎಂಬಲ್ಲಿ ಈ ದೋಷವಿಲ್ಲ. ‘ಹೊಂದಿಕೆ’ ತಾರತಮ್ಯಕ್ಕೂ ಒದಗುತ್ತದೆ: ಪೂರ್ಣ ಹೊಂದಿಕೆ, ಅರ್ಧ ಹೊಂದಿಕೆ. ಅರ್ಧ ಹೊಂದಿಕೆಯ ದಾನಿಯಿಂದಲೂ ಇಂದು ಅಸ್ಥಿಮಜ್ಜೆಯ ಕಸಿ ನಡೆಯುವುದರಿಂದ ಈ ತಾರತಮ್ಯ ಅಗತ್ಯ. ಸಂಸ್ಕೃತ ಪದದೊಡನೆ ಕನ್ನಡ ಪದ ಸೇರುವುದರಿಂದ ಇದು ಅರಿಸಮಾಸವಲ್ಲವೇ ಎಂದು ಆಕ್ಷೇಪಿಸುವವರು ‘ಅಂಗಾಂಶದ ಹೊಂದಿಕೆ’ ಎಂದು ಬಿಡಿಸಿ ಬರೆಯಬಹುದು.

4. ವಿಶೇಷಣದ ಸ್ಥಾನ

ಈ ಪದದಿಂದ ಬೆಳೆದ ‘ಮೇಜರ್ ಹಿಸ್ಟೊಕಾಂಪ್ಯಾಟಿಬಿಲಿಟಿ ಕಾಂಪ್ಲೆಕ್ಸ್’ ಅನುವಾದಕರಿಗೆ ತೊಡಕಾಗುವ ಪದಗುಚ್ಛ. ಇಲ್ಲಿ ‘ಪ್ರಧಾನ’ವಾದುದು ಸಂಕೀರ್ಣವಲ್ಲ, ಹೊಂದಿಕೆ. ಕಸಿಯನ್ನು ಶೀಘ್ರವಾಗಿ ತಿರಸ್ಕರಿಸುವಂತೆ ಮಾಡುವ ಪ್ರತಿಜನಕಗಳು ಪ್ರಧಾನ. ಸಾಮಾನ್ಯವಾಗಿ ನಿಧಾನ ತಿರಸ್ಕಾರಕ್ಕೆ ಕಾರಣವಾಗುವವು ಅಪ್ರಧಾನ. ಆದುದರಿಂದ ‘ಅಂಗಾಂಶ ಹೊಂದಿಕೆಯ ಪ್ರಧಾನ ಸಂಕೀರ್ಣ’ ಎಂಬುದು ತಪ್ಪು. ‘ಪ್ರಧಾನ ಅಂಗಾಂಶ ಹೊಂದಿಕೆಯ ಸಂಕೀರ್ಣ’ ಎಂಬುದು ಸರಿ.

ಇನ್ನೊಂದು ಸಂಗತಿಯೂ ಗಮನಾರ್ಹ. ನಿಸರ್ಗದಲ್ಲಿ ಅಂಗಗಳ ಕಸಿಯಿಲ್ಲ. ವೈರಾಣುವಿನ ತುಣುಕುಗಳನ್ನು ‘ಟಿ’ ಕೋಶಗಳಿಗೆ ತೋರಿಸುವುದು ಈ ಅಣುಗಳ ಸಹಜ ಕಾರ್ಯ. ಜಿಂಕರ್‌ನಾಗೆಲ್ ಮತ್ತು ಡೊಹರ್ಟಿಯವರ 1974ರ ಸಂಶೋಧನೆ ಇದಕ್ಕೆ ದಾರಿ ತೆರೆಯಿತು. ಹೆಸರು ಮಾತ್ರ ಶೋಧದ ಚರಿತ್ರೆಯಿಂದ ಉಳಿದುಬಂದಿದೆ. ಪಾರಿಭಾಷಿಕ ಪದವು ವಸ್ತುವಿನ ಪೂರ್ಣ ಲಕ್ಷಣವನ್ನು ಹೇಳಲೇಬೇಕೆಂಬ ನಿರೀಕ್ಷೆ ಮೂಲಭಾಷೆಯಲ್ಲಿಯೇ ಈಡೇರಿಲ್ಲ. ಕನ್ನಡದ ಪದದಿಂದಲೂ ಅದನ್ನು ನಿರೀಕ್ಷಿಸಬೇಕಾಗಿಲ್ಲ. ಅದು ಪರಿಕಲ್ಪನೆಗಳನ್ನು ಬೆರೆಸದಿರಬೇಕು, ಕೇಳುವವರನ್ನು ದಾರಿತಪ್ಪಿಸದಿರಬೇಕು. ‘ಅಂಗಾಂಶ ಹೊಂದಿಕೆ’ ಈ ಎರಡನ್ನೂ ನಿರ್ವಹಿಸುತ್ತದೆ.